ಹಳೆಯ ನಾದಯಂತ್ರಕ್ಕೆ ಜವಾರಿ ನೆನಪು

ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಲ್ಲಿ ಒಂದು ಮದುವೆಯ ರಾತ್ರಿ. ಹಂದರದ ಎದುರಿಗೆ ಆರ್ಕೆಸ್ಟ್ರಾ ಮೇಳದವರು ಹಾಡುತ್ತಿದ್ದರು. ಅಲ್ಲಿ ತಬಲಾ ಇರಲಿಲ್ಲ, ತಬಲಾದ ದನಿ ಇತ್ತು. ಕೊಳಲು ಇರಲಿಲ್ಲ, ಕೊಳಲಿನ ದನಿ ಇತ್ತು. ಎಲ್ಲವೂ ಒಂದೇ ಕೀಬೋರ್ಡಿನಿಂದ ಹೊರಡುತ್ತಿದ್ದವು. ಹಾಡುಗಳ ನಡುವಿನ ಬಿಡುವಿನಲ್ಲಿ ಪಿ.ಯು.ಸಿ. ಓದುವ ಹುಡುಗನೊಬ್ಬ ವಾದಕನ ಹತ್ತಿರ ಹೋಗಿ, “ಅಣ್ಣಾರ, ಇದರಾಗ ನಮ್ಮ ಹಲಗಿ ದನಿ ಬರತೈತೇನ್ರಿ?” ಎಂದು ಕೇಳಿದ. ವಾದಕ ನಕ್ಕು, “ಇಲ್ಲೋ ತಮ್ಮಾ, ಕಂಪನಿಯವರು ಏನು ತುಂಬಿ ಕಳಿಸ್ಯಾರೋ ಅಷ್ಟ ಐತಿ,” ಎಂದ. ಅದೇ ಹೊತ್ತಿಗೆ ಮೆರವಣಿಗೆ ಮುಗಿಸಿ ಬಂದ ಹಲಗೆಯವರು ಹಂದರದ ಹೊರಗೆ ಕುಳಿತು ತಮ್ಮ ವಾದ್ಯಗಳನ್ನು ಬೆಂಕಿಗೆ ಹಿಡಿದು ಕಾಸುತ್ತಿದ್ದರು.

ಹುಡುಗನ ಪ್ರಶ್ನೆ ಸಣ್ಣದು. ಆದರೆ ಅದರೊಳಗೆ ಭೌತಶಾಸ್ತ್ರವೂ ಇದೆ, ನ್ಯಾಯಾನ್ಯಾಯದ ವಿಚಾರವೂ ಇದೆ. ಒಂದು ಯಂತ್ರದ ನೆನಪಿನಲ್ಲಿ ಯಾವ ದನಿ ಇರಬೇಕೆಂಬದನ್ನು ಯಾರು ಗೊತ್ತುಮಾಡಬೇಕು? ಕಾರ್ಖಾನೆಯವರೋ, ಯಂತ್ರವನ್ನು ಕೊಂಡವರೋ? ಹಳೆಯ ಸ್ಯಾಂಪ್ಲರುಗಳಿಗೂ ಸಿಂಥ್ ಮಾಡ್ಯೂಲುಗಳಿಗೂ ತಮ್ಮ ಕೈಯಿಂದಲೇ ಸ್ಮೃತಿಯನ್ನು ಕೂಡಿಸಿಕೊಳ್ಳುವ ಹವ್ಯಾಸಿಗಳು ಇಂದು ಅನೇಕ ದೇಶಗಳಲ್ಲಿದ್ದಾರೆ. ಅವರ ಈ ಕೆಲಸವನ್ನು ಬರಿಯ ಹುಚ್ಚೆಂದು ತಳ್ಳಿಹಾಕದೆ, ನಮ್ಮ ಶಾಲೆ-ಕಾಲೇಜುಗಳ ವಿದ್ಯಾರ್ಥಿಗಳು ಕಲಿತುಕೊಳ್ಳಬೇಕೆಂಬುದು ನಮ್ಮ ಅಭಿಪ್ರಾಯ. ಏಕೆ ಕಲಿಯಬೇಕು, ಯಾವ ಕಟ್ಟುಪಾಡಿನಿಂದ ಕಲಿಯಬೇಕು ಎಂಬುದನ್ನು ಇಲ್ಲಿ ವಿಚಾರಿಸೋಣ.

ಮೊದಲು ಯಂತ್ರದ ಪರಿಚಯ. ದನಿಯೆಂದರೆ ಗಾಳಿಯ ಒತ್ತಡದ ಏರಿಳಿತ. ಮೈಕ್ರೋಫೋನು ಆ ಏರಿಳಿತವನ್ನು ವಿದ್ಯುತ್ತಿನ ಏರಿಳಿತವಾಗಿ ಮಾರ್ಪಡಿಸುವದು. ಆ ವಿದ್ಯುತ್ತನ್ನು ಸಮನಾದ ಕಾಲಾಂತರಗಳಲ್ಲಿ ಮತ್ತೆ ಮತ್ತೆ ಅಳೆದು, ಪ್ರತಿಯೊಂದು ಅಳತೆಯನ್ನೂ ಅಂಕಿಯಾಗಿ ಬರೆದಿಟ್ಟರೆ ದನಿಯು ಅಂಕಿಗಳ ಸಾಲಾಗುವದು. ಅಂಕಿಗಳನ್ನು ಅದೇ ವೇಗದಲ್ಲಿ ಹಿಂದಕ್ಕೆ ಓದಿಸಿದರೆ ದನಿ ಮರಳಿ ಬರುವದು. ಎಷ್ಟು ಬೇಗ ಅಳೆಯಬೇಕು? ದನಿಯಲ್ಲಿರುವ ಅತ್ಯಂತ ಹೆಚ್ಚಿನ ಕಂಪನಸಂಖ್ಯೆಯ ಇಮ್ಮಡಿಗಿಂತ ಹೆಚ್ಚು ಸಲ ಅಳೆದರೆ ಏನೂ ಕಳೆದುಹೋಗಲಾರದೆಂದು ನೈಕ್ವಿಸ್ಟ್ ಮತ್ತು ಶಾನನ್ ಎಂಬ ವಿಜ್ಞಾನಿಗಳ ಕೆಲಸದಿಂದ ತಿಳಿದುಬಂದಿದೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳವರೆಗೆ ಕೇಳಬಲ್ಲದು, ಅದಕ್ಕಾಗಿಯೇ ಸಿ.ಡಿ. ತಟ್ಟೆಗಳಲ್ಲಿ ಸೆಕೆಂಡಿಗೆ ೪೪,೧೦೦ ಅಳತೆಗಳಿರುತ್ತವೆ. ಒಂದೊಂದು ಅಳತೆಗೆ ಎರಡು ಬೈಟು. ಅಂದರೆ ಒಂದು ಸೆಕೆಂಡಿನ ದನಿಗೆ ೮೮,೨೦೦ ಬೈಟುಗಳ ಜಾಗ ಬೇಕು. ಈ ಒಂದು ಅಂಕಿಯನ್ನು ವಾಚಕರು ನೆನಪಿನಲ್ಲಿಟ್ಟರೆ ಮುಂದಿನ ಲೆಕ್ಕವೆಲ್ಲ ತಾನಾಗಿ ತಿಳಿಯುವದು.

ದನಿಯನ್ನು ಹೀಗೆ ಹಿಡಿದಿಟ್ಟುಕೊಂಡು, ಕೀಬೋರ್ಡಿನ ಒಂದೊಂದು ಮನೆಯನ್ನು ಒತ್ತಿದಾಗಲೂ ಬೇರೆ ಬೇರೆ ವೇಗದಲ್ಲಿ ಓದಿ ಬೇರೆ ಬೇರೆ ಸ್ವರ ಕೊಡುವ ಯಂತ್ರವೇ ಸ್ಯಾಂಪ್ಲರು. ಕಾರ್ಖಾನೆಯಲ್ಲೇ ತುಂಬಿದ ದನಿಗಳನ್ನು ಮಾತ್ರ ಇಟ್ಟುಕೊಂಡಿರುವ, ಕೀಬೋರ್ಡಿಲ್ಲದ ಪೆಟ್ಟಿಗೆಗೆ ಸಿಂಥ್ ಮಾಡ್ಯೂಲು ಎಂದು ಹೆಸರು. ಎರಡಕ್ಕೂ ಜೀವಾಳ ಸ್ಮೃತಿ, ಅಂದರೆ ಮೆಮೊರಿ.

ಆ ಸ್ಮೃತಿ ಒಂದು ಕಾಲದಲ್ಲಿ ಬಂಗಾರದಷ್ಟು ತುಟ್ಟಿಯಾಗಿತ್ತು. ೧೯೭೯ರಲ್ಲಿ ಆಸ್ಟ್ರೇಲಿಯದಲ್ಲಿ ಹುಟ್ಟಿದ ಫೇರ್‌ಲೈಟ್ ಎಂಬ ಯಂತ್ರದಲ್ಲಿ ಒಂದು ದನಿಗೆ ಇದ್ದುದು ೧೬,೩೮೪ ಬೈಟು ಮಾತ್ರ. ೧೯೮೧ರಲ್ಲಿ ಅಮೆರಿಕದ ಇ-ಮ್ಯು ಸಂಸ್ಥೆಯ ಎಮ್ಯುಲೇಟರಿನಲ್ಲಿ ೧೨೮ ಕಿಲೋಬೈಟು. ಜಪಾನಿನ ಅಕಾಯ್ ಸಂಸ್ಥೆ ೧೯೮೮ರಲ್ಲಿ ಹೊರತಂದ ಎಸ್-೧೦೦೦ ಸಿ.ಡಿ.ಯ ಗುಣಮಟ್ಟದ ದನಿ ಹಿಡಿಯುತ್ತಿತ್ತು; ಆದರೆ ಕೊಂಡಾಗ ಅದರಲ್ಲಿ ಇರುತ್ತಿದ್ದುದು ೨ ಮೆಗಾಬೈಟು. ಮೇಲಿನ ಲೆಕ್ಕದಿಂದ ಭಾಗಿಸಿ ನೋಡಿರಿ: ೨೪ ಸೆಕೆಂಡೂ ತುಂಬುವದಿಲ್ಲ. ಹೆಚ್ಚುವರಿ ಫಲಕಗಳನ್ನು ಕೂಡಿಸಿ ಅದನ್ನು ೩೨ ಮೆಗಾಬೈಟಿಗೆ ಏರಿಸಬಹುದಾಗಿತ್ತು. ಆಗ ಆರು ನಿಮಿಷಕ್ಕಿಂತ ತುಸು ಹೆಚ್ಚು ದನಿ ಹಿಡಿಯುತ್ತಿತ್ತು.

ಇನ್ನೊಂದು ಉದಾಹರಣೆ ನಮಗೆ ಹೆಚ್ಚು ಬೋಧಪ್ರದವಾಗಿ ಕಾಣುತ್ತದೆ. ೧೯೯೧ರಲ್ಲಿ ಇ-ಮ್ಯು ಸಂಸ್ಥೆಯವರು ಜಗತ್ತಿನ ನಾನಾ ದೇಶಗಳ ವಾದ್ಯಗಳ ದನಿಗಳನ್ನು ತುಂಬಿದ ಪ್ರೋಟಿಯಸ್-೩ ಎಂಬ ಮಾಡ್ಯೂಲನ್ನು ಹೊರತಂದರು. ಅದರ ಸ್ಮೃತಿ ೪ ಮೆಗಾಬೈಟು. ಇಡಿಯ ಜಗತ್ತಿನ ವಾದ್ಯಗಳಿಗೆ ಅಲ್ಲಿ ಸಿಕ್ಕ ಒಟ್ಟು ಕಾಲ ಒಂದು ನಿಮಿಷಕ್ಕೂ ಕಡಿಮೆ! ಆ ಒಂದು ನಿಮಿಷದಲ್ಲಿ ಭಾರತದ ಪಾಲು ಎಷ್ಟು ಸೆಕೆಂಡು? ಭಾರತದ ಪಾಲಿನಲ್ಲಿ ಧಾರವಾಡ ಸೀಮೆಯ ಪಾಲು ಎಷ್ಟು? ಇದರಲ್ಲಿ ಕಾರ್ಖಾನೆಯವರ ದುರುದ್ದೇಶವೇನೂ ಇಲ್ಲ. ಜಾಗ ಕಡಿಮೆ ಇದ್ದಾಗ ಹೆಚ್ಚು ಜನ ಕೊಳ್ಳುವ ದನಿಗಳೇ ಒಳಗೆ ಬರುತ್ತವೆ. ಬಮ್ಮಿಗಟ್ಟಿಯ ಹಲಗೆಯನ್ನು ಅವರು ಬೇಡವೆಂದು ಬಿಟ್ಟವರಲ್ಲ. ಅದರ ಹೆಸರನ್ನೇ ಕೇಳಿರಲಿಕ್ಕಿಲ್ಲ.

ಸ್ಮೃತಿ ಕಡಿಮೆಯಾದರೆ ದನಿಗಳ ಸಂಖ್ಯೆ ಮಾತ್ರ ಕಡಿಮೆಯಾಗುವದಿಲ್ಲ. ಇದ್ದ ದನಿಯ ಸ್ವಭಾವವೂ ಕೆಡುವದು. ಹಾರ್ಮೋನಿಯಮ್ಮಿನ ಒಂದು ಸ್ವರವನ್ನು ತೆಗೆದುಕೊಳ್ಳಿರಿ. ತಿದಿಯ ಒತ್ತಡ ಒಂದೇ ಸಮನಾಗಿರುವವರೆಗೆ ಅದರ ಅಲೆ ಒಂದೇ ತೆರನಾಗಿ ಮರುಕಳಿಸುತ್ತದೆ. ಅದರ ಒಂದು ಸಣ್ಣ ತುಣುಕನ್ನು ಹಿಡಿದು ಸುತ್ತಿ ಸುತ್ತಿ ನುಡಿಸಿದರೆ ಸಾಕು, ಕಿವಿಗೆ ಹೆಚ್ಚಿನ ವ್ಯತ್ಯಾಸ ತಿಳಿಯದು. ಹಳೆಯ ಸ್ಯಾಂಪ್ಲರುಗಳ ಬಡತನದ ಸಂಸಾರ ನಡೆದದ್ದು ಈ ಉಪಾಯದಿಂದ. ಆದರೆ ತಂಬೂರಿಗೆ ಈ ಉಪಾಯ ಸಾಗದು. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ಎಳೆ ನೂಲನ್ನು ಸರಿಸಿ ಕೂಡಿಸಿದಾಗ ಹೊರಡುವ ಝೇಂಕಾರಕ್ಕೆ ಗವಾಯಿಗಳು ಜವಾರಿ ಎನ್ನುತ್ತಾರೆ. ಮೀಟಿದ ಮೇಲೆ ಉಪಸ್ವರಗಳು ಒಂದರ ಹಿಂದೆ ಒಂದು ಎದ್ದು ತಗ್ಗುತ್ತ ಹಲವು ಸೆಕೆಂಡುಗಳವರೆಗೆ ಬದಲಾಗುತ್ತಲೇ ಇರುತ್ತವೆ. ತಂತಿಯನ್ನು ಎಲ್ಲಿ ಮೀಟಿದರೆ ಯಾವ ಉಪಸ್ವರ ಹುಟ್ಟಬಾರದೆಂದು ಪುಸ್ತಕದ ನಿಯಮವಿದೆಯೋ, ತಂಬೂರಿಯಲ್ಲಿ ಅಲ್ಲಿ ಮೀಟಿದರೂ ಅದು ಕೇಳಿಬರುತ್ತದೆಂದು ಸಿ. ವಿ. ರಾಮನ್ ಅವರು ೧೯೨೧ರಲ್ಲಿಯೇ ತೋರಿಸಿದ್ದರು. ಇಂಥ ನಾದದ ಒಂದು ತುಣುಕನ್ನು ಕತ್ತರಿಸಿ ಸುತ್ತಿಸಿದರೆ ಉಳಿಯುವದು ಹೆಣ, ಜೀವ ಹೋಗಿರುತ್ತದೆ.

ಲೆಕ್ಕ ಹಾಕಿ ನೋಡೋಣ. ನಾಲ್ಕು ತಂತಿಗಳು, ಒಂದೊಂದರ ನಾದ ಎಂಟು ಸೆಕೆಂಡು ಎಂದು ಹಿಡಿದರೆ ೩೨ ಸೆಕೆಂಡು. ಅದಕ್ಕೆ ೨೮,೨೨,೪೦೦ ಬೈಟು. ಎರಡು ಮೆಗಾಬೈಟೆಂದರೆ ೨೦,೯೭,೧೫೨ ಬೈಟು. ಅಂದರೆ ಕಾರ್ಖಾನೆಯಿಂದ ಬಂದ ಎಸ್-೧೦೦೦ದಲ್ಲಿ ಒಂದು ತಂಬೂರಿಯೂ ಪೂರ್ತಿಯಾಗಿ ಕೂಡುವದಿಲ್ಲ! ಅದೂ ಅಲ್ಲದೆ, ಗಂಡುದನಿಗೆ ಹಿಡಿದ ನಾದವನ್ನೇ ವೇಗವಾಗಿ ಓಡಿಸಿ ಹೆಣ್ಣುದನಿಯ ಶ್ರುತಿಗೆ ಏರಿಸಿದರೆ ಕುಂಬಳಕಾಯಿಯ ಬುರುಡೆಯೇ ಕುಗ್ಗಿಹೋದಂತೆ ಕೇಳುವದು. ಆದುದರಿಂದ ಎರಡು-ಮೂರು ಶ್ರುತಿಗಳಲ್ಲಿ ಬೇರೆ ಬೇರೆಯಾಗಿ ಹಿಡಿಯಬೇಕು. ಮೂರು ಶ್ರುತಿಗಳಿಗೆ ೮೪ ಲಕ್ಷಕ್ಕೂ ಹೆಚ್ಚು ಬೈಟು. ಸ್ಮೃತಿಯನ್ನು ಹೆಚ್ಚಿಸುವ ಮಾತು ಆಡಂಬರಕ್ಕೆ ಹುಟ್ಟಿದ್ದಲ್ಲ. ನಮ್ಮ ವಾದ್ಯಗಳ ಸ್ವಭಾವವೇ ಅದನ್ನು ಬೇಡುತ್ತದೆ.

ಈ ಕೊರತೆಯನ್ನು ನಮ್ಮ ನಾಡಿನವರೇ ಬೇರೆ ದಾರಿಯಿಂದ ನೀಗಿಸಿಕೊಂಡದ್ದನ್ನು ಇಲ್ಲಿ ನೆನೆಯಬೇಕು. ೧೯೭೯ರಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣ್ ಅವರು ಇಲೆಕ್ಟ್ರಾನಿಕ್ ತಂಬೂರಿಯನ್ನು ನಿರ್ಮಿಸಿದರು. ಅವರು ಇಂಜಿನಿಯರರೂ ಹೌದು, ಕೊಳಲುವಾದಕರೂ ಹೌದು. ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ಇಂದು ಸಂಗೀತ ಕಲಿಯುವ ಮನೆಮನೆಗಳಲ್ಲಿವೆ. ಮೊದಮೊದಲಿನ ಇಂಥ ಪೆಟ್ಟಿಗೆಗಳು ನಾದವನ್ನು ಸರ್ಕೀಟಿನಿಂದಲೇ ಹುಟ್ಟಿಸುತ್ತಿದ್ದವು. ಸ್ಮೃತಿಯ ಚಿಪ್ಪುಗಳು ಅಗ್ಗವಾದ ಮೇಲೆ ನಿಜವಾದ ತಂಬೂರಿಯ ನಾದವನ್ನು ಹಿಡಿದಿಟ್ಟು ನುಡಿಸುವ ಪೆಟ್ಟಿಗೆಗಳು ಬಂದವು. ನಮಗೆ ಬೇಕಾದ ಯಂತ್ರವನ್ನು ನಾವೇ ಮಾಡಿಕೊಳ್ಳಬಲ್ಲೆವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಡ. ಆದರೆ ಎಲ್ಲರೂ ಹೊಸ ಯಂತ್ರವನ್ನು ಕಟ್ಟಲಾರರು. ಇದ್ದ ಯಂತ್ರದ ನೆನಪನ್ನು ಹಿಗ್ಗಿಸಿ ಅದರಲ್ಲಿ ತಮ್ಮ ದನಿಯನ್ನು ಇಡುವದು ಮಾತ್ರ ಒಬ್ಬ ಜಾಣ ವಿದ್ಯಾರ್ಥಿಯ ಕೈಗೆ ಎಟಕುವ ಕೆಲಸ.

ಎಲ್ಲ ಯಂತ್ರಗಳೂ ಇದಕ್ಕೆ ಒಂದೇ ಸಮನಾಗಿ ಅನುಕೂಲವಾಗಿಲ್ಲ. ಸ್ಮೃತಿಯಲ್ಲಿ ಎರಡು ಜಾತಿ. ರಾಮ್ ಎಂಬುದು ಕಲ್ಲಿನ ಶಾಸನದಂತೆ. ಒಮ್ಮೆ ಕೆತ್ತಿದರೆ ಓದಬಹುದು, ತಿದ್ದಲಾಗದು. ರ‍್ಯಾಮ್ ಎಂಬುದು ಮಕ್ಕಳ ಪಾಟಿಯಂತೆ, ಬರೆಯಬಹುದು, ಅಳಿಸಬಹುದು. ಇನ್ನು ಯಂತ್ರಗಳಲ್ಲಿ ಮೂರು ಬಗೆ. ಮೊದಲನೆಯವು ಮುಚ್ಚಿದ ಪೆಟ್ಟಿಗೆಗಳು. ಶಾಸನವನ್ನುಳಿದು ಅವುಗಳಲ್ಲಿ ಬೇರೆ ಏನೂ ಇಲ್ಲ. ಎರಡನೆಯವು ಅರ್ಧ ತೆರೆದವು. ೧೯೯೪ರ ರೋಲಂಡ್ ಜೆ.ವಿ.-೧೦೮೦ ಮಾಡ್ಯೂಲಿನ ಒಳಗೆ ನಾಲ್ಕು ಹೆಚ್ಚುವರಿ ಫಲಕಗಳಿಗೆ ಜಾಗವಿದೆ. ಆದರೆ ಕಾರ್ಖಾನೆಯವರು ಆ ಫಲಕಗಳನ್ನು ಮಾರಿದ್ದು ತಾವೇ ಆರಿಸಿದ ದನಿಗಳನ್ನು ಕೆತ್ತಿ. ಎಸ್-೧೦೦೦ಕ್ಕೆ ತುಂಬುವ ದನಿ ನಮ್ಮದಾದರೂ ಫಲಕ ಮಾತ್ರ ಆ ಯಂತ್ರಕ್ಕಾಗಿಯೇ ಮಾಡಿದ್ದಾಗಬೇಕು. ಮೂರನೆಯವು ಪೂರ್ತಿ ತೆರೆದವು. ಅಕಾಯ್‌ಯವರೇ ೧೯೯೫ರಲ್ಲಿ ತಂದ ಎಸ್-೨೦೦೦ ಎಂಬ ಸ್ಯಾಂಪ್ಲರಿಗೆ ಅಂದಿನ ಸಾಧಾರಣ ಕಂಪ್ಯೂಟರುಗಳಲ್ಲಿರುತ್ತಿದ್ದ ೭೨ ಕಾಲುಗಳ ಸ್ಮೃತಿಪಟ್ಟಿಗಳೇ ಸಾಕು. ಗುಜರಿಗೆ ಹೋದ ಕಂಪ್ಯೂಟರಿನಿಂದ ಕಿತ್ತು ಇಲ್ಲಿ ಕೂಡಿಸಿದರೆ ೩೨ ಮೆಗಾಬೈಟಿನವರೆಗೆ ಏರಬಹುದು.

ಎರಡನೆಯ ಬಗೆಯ ಯಂತ್ರಗಳಿಗೆ ಹವ್ಯಾಸಿಗಳು ತಾವೇ ಫಲಕ ಮಾಡುವ ಕ್ರಮದಲ್ಲಿ ಸೊಗಸಾದ ಗಣಿತವೊಂದಿದೆ. ಸ್ಮೃತಿಯ ಒಂದೊಂದು ಮನೆಗೂ ಒಂದು ವಿಳಾಸವುಂಟು. ಆ ವಿಳಾಸ ಸೊನ್ನೆ-ಒಂದುಗಳ ರೂಪದಲ್ಲಿ ತಂತಿಗಳ ಮೇಲೆ ಹೋಗುವದು. ಒಂದು ತಂತಿ ಹೆಚ್ಚಾದರೆ ಮನೆಗಳು ಇಮ್ಮಡಿ. ೨೧ ವಿಳಾಸಸಂಕೇತಗಳಿಂದ ೨ ಮೆಗಾಬೈಟು, ೨೩ರಿಂದ ೮, ೨೫ರಿಂದ ೩೨. ಎರಡರಿಂದ ಮೂವತ್ತೆರಡಕ್ಕೆ ಏರಲು ನಾಲ್ಕೇ ಸಂಕೇತಗಳು ಹೆಚ್ಚು ಬೇಕು! ಆದರೆ ಯಂತ್ರವನ್ನು ಕಟ್ಟಿದವರು ೨೩ಕ್ಕೇ ನಿಲ್ಲಿಸಿದ್ದರೆ, ನೀವು ಎಷ್ಟೇ ದೊಡ್ಡ ಚಿಪ್ಪನ್ನು ಕೂಡಿಸಿದರೂ ಅದು ಕಾಣುವದು ೮ ಮೆಗಾಬೈಟನ್ನೇ. ಆಗ ೩೨ ಮೆಗಾಬೈಟಿನ ಚಿಪ್ಪಿನ ಉಳಿದ ಎರಡು ವಿಳಾಸಕಾಲುಗಳನ್ನು ಎರಡು ಸ್ವಿಚ್ಚುಗಳಿಗೆ ಜೋಡಿಸುತ್ತಾರೆ. ಸ್ವಿಚ್ಚುಗಳ ನಾಲ್ಕು ಸ್ಥಿತಿಗಳಿಗೆ ನಾಲ್ಕು ಕೋಣೆಗಳು. ಒಂದೊಂದು ಕೋಣೆಯಲ್ಲಿ ೮ ಮೆಗಾಬೈಟು. ಯಂತ್ರಕ್ಕೆ ತಾನು ಒಂದೇ ಕೋಣೆಯ ಮನೆಯಲ್ಲಿದ್ದೇನೆಂಬ ಭಾವನೆ. ಬಾಗಿಲನ್ನು ಬದಲಿಸುವ ಗುಟ್ಟು ನಮ್ಮ ಕೈಯಲ್ಲಿ. ಹನ್ನೊಂದನೆಯ ತರಗತಿಯಲ್ಲಿ ಎರಡರ ಘಾತಗಳನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಕ್ಕೀತು?

ಇಲ್ಲಿ ಒಂದೆರಡು ಎಚ್ಚರಿಕೆಗಳು. ಹಳೆಯ ಯಂತ್ರಗಳು ೫ ವೋಲ್ಟಿನವು. ಇಂದಿನ ಚಿಪ್ಪುಗಳು ಬಹುಮಟ್ಟಿಗೆ ೩.೩ ವೋಲ್ಟಿನವು. ನಡುವೆ ಮಟ್ಟವನ್ನು ಇಳಿಸುವ ಸರ್ಕೀಟನ್ನು ಇಡದೆ ಜೋಡಿಸಿದರೆ ಚಿಪ್ಪು ಸುಡುವದು. ಒಣ ಹವೆಯಲ್ಲಿ ನಮ್ಮ ಬೆರಳ ತುದಿಯ ಸ್ಥಿರವಿದ್ಯುತ್ತೇ ಸ್ಮೃತಿಯನ್ನು ಕೊಲ್ಲಬಲ್ಲದು. ಪೆಟ್ಟಿಗೆಯ ವಿದ್ಯುತ್ ಪೂರೈಕೆಯ ಭಾಗದಲ್ಲಿರುವ ಕೆಪಾಸಿಟರುಗಳು ಪ್ಲಗ್ ಕಿತ್ತ ಮೇಲೂ ಅಪಾಯಕಾರಿಯಾದ ವಿದ್ಯುತ್ತನ್ನು ಹಿಡಿದಿರಬಹುದು. ತಿಳಿದವರು ಪಕ್ಕದಲ್ಲಿಲ್ಲದೆ ವಿದ್ಯಾರ್ಥಿಗಳು ಮುಚ್ಚಳ ತೆಗೆಯಕೂಡದು.

ಬಮ್ಮಿಗಟ್ಟಿಯ ಆ ರಾತ್ರಿಯ ಪ್ರಶ್ನೆ ನಮ್ಮನ್ನು ಸುಮ್ಮನೆ ಬಿಡಲಿಲ್ಲ. ಮುರಿದುಹೋದ ಒಂದು ಮೇಳದವರ ಅಟ್ಟದಲ್ಲಿ ಬಿದ್ದಿದ್ದ ಎಸ್-೨೦೦೦ ಒಂದನ್ನು ವಿದ್ಯಾರ್ಥಿಗಳು ಹುಡುಕಿ ತಂದರು. ಧೂಳು ಒರೆಸಿ ಚಾಲೂ ಮಾಡಿದಾಗ ಅದು ೨ ಮೆಗಾಬೈಟು ತೋರಿಸಿತು. ಹಲಗೆಯ ಒಂದು ಪೆಟ್ಟು ಪೂರ್ತಿ ಅಡಗುವವರೆಗೆ ಒಂದೂವರೆ ಸೆಕೆಂಡೆಂದು ಹಿಡಿದರೆ ೧,೩೨,೩೦೦ ಬೈಟು. ಅಂಥ ಹದಿನೈದು ಪೆಟ್ಟುಗಳಿಗೆ ಜಾಗ ಮುಗಿಯಿತು. ಹದಿನೈದು ಸಾಕಲ್ಲವೇ ಎಂದು ಕೇಳಬಹುದು. ಸಾಲದು. ತಬಲಾದ ನಡುವೆ ಕರಣೆಯಿರುವದರಿಂದ ಅದರ ಉಪಸ್ವರಗಳು ಒಂದು, ಎರಡು, ಮೂರರ ಅನುಪಾತಕ್ಕೆ ಬಂದು ನಿಶ್ಚಿತವಾದ ಸ್ವರ ಕೊಡುತ್ತವೆಂದು ರಾಮನ್ ಅವರು ೧೯೨೦ರಲ್ಲಿ ಪ್ರಕಟಿಸಿದ್ದರು. ಹಲಗೆಗೆ ಕರಣೆಯಿಲ್ಲ. ಆದರ್ಶವಾದ ಬರಿಯ ಪೊರೆಯ ಕಂಪನಗಳ ಅನುಪಾತ ೧, ೧.೫೯, ೨.೧೪, ೨.೩೦ ಹೀಗೆ ಹೊಂದಿಕೆಯಿಲ್ಲದೆ ಏರುತ್ತದೆ. ನಡುವೆ ಬಾರಿಸಿದಾಗ ಒಂದು ಗುಂಪು ಎದ್ದರೆ, ಅಂಚಿಗೆ ಬಾರಿಸಿದಾಗ ಇನ್ನೊಂದು. ಮೇಲಾಗಿ ಬೆಂಕಿಗೆ ಕಾಸಿದೊಡನೆ ತೊಗಲು ಬಿಗಿದು ದನಿ ಏರುವದು. ಆರಿ ತೇವವನ್ನು ಎಳೆದುಕೊಂಡಂತೆ ಇಳಿಯುವದು. ಆದುದರಿಂದ ಮೂರು ಜಾಗ, ನಾಲ್ಕು ಬಲ, ಪ್ರತಿಯೊಂದೂ ಐದು ಸಲ, ಹೀಗೆ ಅರವತ್ತು ಪೆಟ್ಟು. ಕಾಸಿದೊಡನೆ ಒಮ್ಮೆ, ಅರ್ಧ ತಾಸಿನ ಮೇಲೆ ಇನ್ನೊಮ್ಮೆ, ಒಟ್ಟು ನೂರಿಪ್ಪತ್ತು. ಇದಕ್ಕೆ ಸುಮಾರು ೧೫ ಮೆಗಾಬೈಟು ಬೇಕು. ಹಳೆಯ ಕಂಪ್ಯೂಟರಿನ ಎರಡು ಪಟ್ಟಿಗಳನ್ನು ಕೂಡಿಸಿದೆವು. ಪರದೆಯ ಮೇಲೆ ೩೨ ಎಂದು ಮೂಡಿದಾಗ ಹುಡುಗರು ಹಾಕಿದ ಕೇಕೆ ಪಕ್ಕದ ತರಗತಿಗೂ ಕೇಳಿಸಿತು.

ಅದೇ ಸಂಜೆ ಊರಲ್ಲಿ ವಿದ್ಯುತ್ತು ಹೋಯಿತು. ಮರಳಿ ಬಂದಾಗ ಸ್ಯಾಂಪ್ಲರಿನಲ್ಲಿ ಒಂದು ಪೆಟ್ಟೂ ಉಳಿದಿರಲಿಲ್ಲ. ಈ ಜಾತಿಯ ಸ್ಮೃತಿಯಲ್ಲಿ ಒಂದೊಂದು ಅಂಕಿಯೂ ಅತಿ ಸಣ್ಣ ಕೆಪಾಸಿಟರಿನೊಳಗಿನ ವಿದ್ಯುತ್ತು. ಅದು ಸೋರುತ್ತಲೇ ಇರುವದು, ಯಂತ್ರ ಅದನ್ನು ಸೆಕೆಂಡಿಗೆ ಹತ್ತಾರು ಸಲ ತುಂಬುತ್ತಲೇ ಇರಬೇಕು. ಫ್ಲಾಪಿಗಳಲ್ಲಿ ಕಾದಿಟ್ಟು ಮರಳಿ ತುಂಬಬೇಕೆಂದರೆ ೩೨ ಮೆಗಾಬೈಟಿಗೆ ಇಪ್ಪತ್ತರಷ್ಟು ಫ್ಲಾಪಿಗಳಾಗುತ್ತವೆ. ಇದಕ್ಕಾಗಿಯೇ ಹವ್ಯಾಸಿಗಳು ಹಳೆಯ ಫ್ಲಾಪಿಯ ಸ್ಥಾನದಲ್ಲಿ ಪೆನ್‌ಡ್ರೈವನ್ನು ಓದುವ ಉಪಕರಣವನ್ನು ಕೂಡಿಸುತ್ತಾರೆ. ಕೆಲವು ಮಾಡ್ಯೂಲುಗಳಿಗೆ ವಿದ್ಯುತ್ತಿಲ್ಲದಿದ್ದರೂ ಮರೆಯದ ಫ್ಲಾಶ್ ಸ್ಮೃತಿಯ ಫಲಕಗಳನ್ನು ಕಟ್ಟುತ್ತಾರೆ. ನೆನಪನ್ನು ಹಿಗ್ಗಿಸುವದು ಅರ್ಧ ಕೆಲಸ. ಅದನ್ನು ಉಳಿಸಿಕೊಳ್ಳುವದು ಉಳಿದರ್ಧ.

ದನಿಯನ್ನು ಮತ್ತೆ ತುಂಬಿ, ಹಲಗೆ ಬಾರಿಸಿದ ಹಿರಿಯರನ್ನೇ ಕರೆದು ಕೇಳಿಸಿದೆವು. ಅವರು ಕಣ್ಣು ಮುಚ್ಚಿ ಕೇಳಿದರು. ಎರಡು ಮೆಗಾಬೈಟಿನದನ್ನು ಕೇಳಿ ತಲೆ ಅಲ್ಲಾಡಿಸಿದರು. ಮೂವತ್ತೆರಡರದನ್ನು ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ದನಿ ನಂದ ಐತ್ರಿ ಸರ, ಕೈ ನಂದಲ್ಲ,” ಎಂದರು. ಸ್ಮೃತಿ ಎಷ್ಟೇ ಹೆಚ್ಚಿದರೂ ಯಾವ ಪೆಟ್ಟಿನ ಹಿಂದೆ ಯಾವ ಪೆಟ್ಟು, ಎಷ್ಟು ತಡೆದು, ಯಾರ ಹೆಜ್ಜೆಯನ್ನು ನೋಡಿ ಎಂಬುದು ಯಂತ್ರಕ್ಕೆ ಬರುವದಿಲ್ಲ. ಮಾದರಿಯೆಂದರೆ ಮಾದರಿ; ವಾದ್ಯವಲ್ಲ, ವಾದಕನಂತೂ ಅಲ್ಲವೇ ಅಲ್ಲ. ಈ ಮಾತನ್ನು ನಾವು ಪ್ರಯೋಗದ ಫಲಿತಾಂಶವೆಂದೇ ಬರೆದಿಟ್ಟುಕೊಂಡೆವು.

ಈಗ ಆಕ್ಷೇಪಗಳು. ಕಿಸೆಯಲ್ಲಿರುವ ಫೋನಿನಲ್ಲಿ ಇದರ ಸಾವಿರ ಪಟ್ಟು ಸ್ಮೃತಿ ಇರುವಾಗ ಈ ಹಳೆಯ ಪೆಟ್ಟಿಗೆ ಏಕೆ ಎಂದು ಕೆಲವರು ಕೇಳುವರು. ಕೇಳುವದು ಸರಿಯೇ. ಹಾಡುಗಾರನಿಗೆ ಬರಿಯ ದನಿ ಬೇಕಾಗಿದ್ದರೆ ಫೋನೇ ಸಾಕು. ಹಳೆಯ ಯಂತ್ರಗಳನ್ನು ಮೋಹದಿಂದ ದುಬಾರಿ ಬೆಲೆ ತೆತ್ತು ಕೊಳ್ಳಬೇಕೆಂದು ನಾವು ಹೇಳುವದಿಲ್ಲ. ಆದರೆ ಫೋನಿನ ಸ್ಮೃತಿ ಎಲ್ಲಿದೆ, ಅದರ ವಿಳಾಸ ಹೇಗೆ ಹೋಗುತ್ತದೆ ಎಂಬುದು ವಿದ್ಯಾರ್ಥಿಯ ಕಣ್ಣಿಗೆ ಬೀಳದು. ಹಳೆಯ ಪೆಟ್ಟಿಗೆಯಲ್ಲಿ ಪಟ್ಟಿ ಕೈಗೆ ಸಿಗುತ್ತದೆ, ಕಾಲುಗಳನ್ನು ಎಣಿಸಬಹುದು, ಒಂದೊಂದು ಬೈಟಿನ ಖರ್ಚನ್ನೂ ಕೇಳಿ ತಿಳಿಯಬಹುದು. ಜಾಗ ಕಡಿಮೆ ಇದ್ದಾಗಲೇ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಕಿವಿಗೊಟ್ಟು ಕೇಳಬೇಕಾಗುವದು. ಅಟ್ಟದಲ್ಲಿ ಬಿದ್ದ ಯಂತ್ರ ಗುಜರಿಗೆ ಹೋಗುವ ಬದಲು ಪ್ರಯೋಗಶಾಲೆಗೆ ಬಂದರೆ ನಷ್ಟ ಯಾರಿಗೆ?

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು. ಹಲಗೆಯ ದನಿ ಕೀಬೋರ್ಡಿನೊಳಗೆ ಬಂದರೆ ನಾಳೆ ಮದುವೆಯವರು ಹಲಗೆಯವರನ್ನು ಕರೆಯುವರೇ? ಇದು ಹುಸಿ ಭಯವಲ್ಲ. ಗವಾಯಿಯ ಹಿಂದೆ ತಂಬೂರಿ ಹಿಡಿದು ಕುಳಿತ ಶಿಷ್ಯ ಅಲ್ಲಿಯೇ ಅರ್ಧ ವಿದ್ಯೆ ಕಲಿಯುತ್ತಿದ್ದ. ಕುಂದಗೋಳದ ಸವಾಯಿ ಗಂಧರ್ವರ ಪರಂಪರೆ ಇಂಥ ಸೇವೆಯಿಂದ ಬೆಳೆದದ್ದು. ಪೆಟ್ಟಿಗೆ ಬಂದ ಮೇಲೆ ಎಷ್ಟೋ ಮನೆಗಳಲ್ಲಿ ಆ ಜಾಗ ಬರಿದಾಯಿತು. ಹಲಗೆಯ ವಿಷಯದಲ್ಲಿ ಇನ್ನೂ ಕಹಿಯಾದ ಸತ್ಯವುಂಟು. ಹಲಗೆಯ ದನಿ ಬೇಕು, ಹಲಗೆಯವನು ಹಂದರದ ಹೊರಗಿರಲಿ ಎಂದ ಚರಿತ್ರೆ ನಮ್ಮ ಹಳ್ಳಿಗಳದು. ಆತನ ದನಿಯನ್ನು ಚಿಪ್ಪಿನಲ್ಲಿ ಹಿಡಿದು, ಆತನನ್ನು ಪೂರ್ತಿಯಾಗಿಯೇ ಹೊರಗಿಟ್ಟರೆ ಆ ಹಳೆಯ ಪ್ರಮಾದಕ್ಕೆ ವಿಜ್ಞಾನದ ಮುದ್ರೆ ಒತ್ತಿದಂತಾಗುವದು.

ಆದುದರಿಂದಲೇ ಕೆಲವು ಕಟ್ಟುಪಾಡುಗಳು ಬೇಕೆನ್ನುತ್ತೇವೆ. ಮೊದಲನೆಯದು, ವಾದಕನ ಒಪ್ಪಿಗೆಯಿಲ್ಲದೆ ದನಿ ಹಿಡಿಯಕೂಡದು. ೧೯೫೭ರ ಕೃತಿಸ್ವಾಮ್ಯ ಶಾಸನಕ್ಕೆ ೧೯೯೪ರಲ್ಲಿ ಆದ ತಿದ್ದುಪಡಿ ಹಾಡುವ, ಬಾರಿಸುವ ಕಲಾವಿದನಿಗೂ ತನ್ನ ಪ್ರದರ್ಶನದ ಮೇಲೆ ಹಕ್ಕನ್ನು ಕೊಟ್ಟಿದೆ. ಹಳ್ಳಿಯವನೆಂದು ಆ ಹಕ್ಕು ಇಲ್ಲದಾಗುವದಿಲ್ಲ. ಎರಡನೆಯದು, ಮದುವೆಗೆ ಬಂದರೆ ಎಷ್ಟು ಕೊಡುವೆವೋ ಧ್ವನಿಮುದ್ರಣಕ್ಕೂ ಅದಕ್ಕೆ ಕಡಿಮೆಯಾಗದ ಸಂಭಾವನೆ ಕೊಡಬೇಕು. ದನಿಯ ಜೊತೆಗೆ ಆತನ ಹೆಸರು, ಊರು, ದಿನಾಂಕಗಳು ಆತನ ಇಚ್ಛೆಯಂತೆ ದಾಖಲಾಗಬೇಕು. ಮೂರನೆಯದು, ಬಿಡಿ ಪೆಟ್ಟುಗಳ ಜೊತೆಗೆ ಆತನ ಪೂರ್ತಿ ವಾದನವನ್ನೂ ಕತ್ತರಿಸದೆ ಬೇರೆಯಾಗಿ ಕಾದಿಡಬೇಕು. ಕೈ ಉಳಿಯುವದು ಅಲ್ಲಿಯೇ. ನಾಲ್ಕನೆಯದು, ಕಾರ್ಖಾನೆಗಳು ತಯಾರಿಸಿ ಮಾರಿದ ದನಿಫಲಕಗಳನ್ನು ನಕಲು ಮಾಡುವದಕ್ಕೆ ಈ ವಿದ್ಯೆಯನ್ನು ಬಳಸಕೂಡದು. ಇನ್ನೊಬ್ಬರ ಹೊಲದ ಬೆಳೆಯನ್ನು ಕೊಯ್ದು ತರುವದಕ್ಕೆ ಒಕ್ಕಲುತನವೆಂದು ಯಾರೂ ಹೇಳುವದಿಲ್ಲ.

ಒಕ್ಕಲುತನದ ಮಾತು ಬಂದಿತೆಂದು ಇನ್ನೊಂದು ಮಾತು. ನಮ್ಮ ಸೀಮೆಯಲ್ಲಿ ಜವಾರಿ ಎಂಬ ಶಬ್ದಕ್ಕೆ ಎರಡು ಅರ್ಥ. ತಂಬೂರಿಯ ಝೇಂಕಾರವೂ ಜವಾರಿ. ಮನೆಯ ಬೀಜದಿಂದ ಬೆಳೆದದ್ದೂ ಜವಾರಿ. ಪೇಟೆಯಿಂದ ತಂದ ಬೀಜ ಇಳುವರಿ ಕೊಟ್ಟೀತು. ಆದರೆ ಪ್ರತಿ ವರ್ಷ ಪೇಟೆಗೇ ಹೋಗಬೇಕು. ಜವಾರಿ ಬೀಜವನ್ನು ಕಣಜದಲ್ಲಿ ತೆಗೆದಿಟ್ಟವನು ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ. ಯಂತ್ರದ ನೆನಪೂ ಹಾಗೆಯೇ. ಹಳೆಯದೇ ಇರಲಿ, ಹೊಸದೇ ಇರಲಿ, ಒಂದು ನಾದಯಂತ್ರವನ್ನು ಕೊಳ್ಳುವಾಗ ಎಷ್ಟು ದನಿಗಳಿವೆ ಎಂದು ಮಾತ್ರ ಕೇಳಬಾರದು. ಅದರಲ್ಲಿ ನಾವು ನಮ್ಮ ದನಿಯನ್ನು ಇಡಬಹುದೇ ಎಂದು ಮೊದಲು ಕೇಳಬೇಕು.

ಪ್ರತಿಯೊಂದು ಕಾಲೇಜು ಇದನ್ನು ಆರಂಭಿಸಲಿಕ್ಕೆ ಹೆಚ್ಚು ಹಣ ಬೇಡ. ಒಂದು ಹಳೆಯ ಯಂತ್ರ, ಒಂದು ಒಳ್ಳೆಯ ಮೈಕ್ರೋಫೋನು, ತಿಳಿದ ಒಬ್ಬ ತಂತ್ರಜ್ಞ, ಸುತ್ತಲಿನ ಊರುಗಳ ವಾದಕರ ಸ್ನೇಹ ಇವಿಷ್ಟು ಸಾಕು. ನಮ್ಮ ಮುಂದೆ ಕೆಲಸ ಸಾಕಷ್ಟಿದೆ. ಹುಬ್ಬಳ್ಳಿ ತಾಲೂಕಿನ ಬ್ಯಾಹಟ್ಟಿಯ ಜಗ್ಗಹಲಿಗೆಯನ್ನು ನೋಡಿದವರು ಮರೆಯಲಾರರು; ಚಕ್ಕಡಿಯ ಗಾಲಿಗೆ ಎಮ್ಮೆಯ ತೊಗಲನ್ನು ಬಿಗಿದು, ಬೀದಿಯಲ್ಲಿ ಉರುಳಿಸುತ್ತ ಬಾರಿಸುವ ಆ ದೈತ್ಯವಾದ್ಯದ ದನಿ ಅಡಗಲಿಕ್ಕೆ ಎಷ್ಟು ಸೆಕೆಂಡು ಬೇಕು, ಅದರ ಅತ್ಯಂತ ಕೆಳಗಿನ ಕಂಪನ ಎಷ್ಟು ಎಂಬುದನ್ನು ವಿದ್ಯಾರ್ಥಿಗಳೇ ಅಳೆಯಲಿ. ಅದರ ಜೊತೆಗೆ ನುಡಿಯುವ ಮಣ್ಣಿನ ಕಣಿಹಲಿಗೆಯನ್ನೂ, ಚೌಡಿಕೆಯನ್ನೂ, ಗೀಗೀ ಮೇಳದ ತುಂತುಣಿಯನ್ನೂ ಅಳೆಯಲಿ. ನಮ್ಮ ೩೨ ಮೆಗಾಬೈಟಿನಲ್ಲಿ ಇನ್ನೂ ಅರ್ಧದಷ್ಟು ಜಾಗ ಖಾಲಿ ಇದೆ.

ಬಮ್ಮಿಗಟ್ಟಿಯ ಆ ಹುಡುಗ ಈಗ ಹಲಗೆಯ ಹಿರಿಯರ ಹತ್ತಿರ ವಾರಕ್ಕೆರಡು ಸಲ ಬಾರಿಸಲು ಕಲಿಯುತ್ತಿದ್ದಾನೆ. ಯಂತ್ರದಲ್ಲಿ ದನಿಯನ್ನು ಇಟ್ಟ ಮೇಲೆಯೇ ತನಗೆ ಕೈ ಇಲ್ಲವೆಂಬುದು ಅವನಿಗೆ ಹೊಳೆಯಿತಂತೆ. ಇಷ್ಟು ತಿಳಿಸಿಕೊಟ್ಟರೂ ಆ ಹಳೆಯ ಪೆಟ್ಟಿಗೆಯ ಜನ್ಮ ಸಾರ್ಥಕವಾಯಿತೆಂದು ನಾವು ಭಾವಿಸುತ್ತೇವೆ.